ಕದಲದ ಚುಕ್ಕೆ

ಫೆಬ್ರವರಿ 9

ಅಕ್ಕಾ,

ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾಳೆ, ಇವಳಿಗೇನು ಬಂತು ಅಂತ ನಗಬೇಡ. ಈ ಮನೆಯಲ್ಲಿ ನಾನು ಫೋನು ಹಿಡಿದರೆ ಸಾಕು, ಮಾವ ಪೇಪರಿನ ಪುಟ ತಿರುಗಿಸುವುದು ನಿಲ್ಲಿಸುತ್ತಾರೆ, ಇವರು ಟಿವಿಯ ಸದ್ದು ತಗ್ಗಿಸುತ್ತಾರೆ. ನಾನು ಹೇಳುವ ಮಾತು ಇಬ್ಬರಿಗೂ ಕೇಳಿ ಕೇಳಿ ಸಾಕಾಗಿದೆ. ಅಂಚೆ ಡಬ್ಬಿ ಬೀದಿಯ ತಿರುವಿನಲ್ಲೇ ಇದೆ. ಗುಂಡನನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಹಾಕಿ ಬರುವುದೇ ನನಗೆ ದಿನದ ವಿಹಾರ.

ಬಸ್ ಡಿಪೋ ಅಂಗಳದಲ್ಲಿ ನೆಲ ಬಾಯಿಬಿಟ್ಟ ಸುದ್ದಿ ನಿನಗೆ ಗೊತ್ತೇ ಇದೆ. ಖಾಲಿ ಬಸ್ಸೊಂದರ ಹಿಂಭಾಗ ಗುಂಡಿಯಲ್ಲಿ ಕೂತು, ಮುಂದಿನ ಚಕ್ರ ಎರಡೂ ಗಾಳಿಯಲ್ಲಿದ್ದವು. ಊರವರೆಲ್ಲ ಹೋಗಿ ಫೋಟೊ ತೆಗೆಸಿಕೊಂಡು ಬಂದರು. ಈ ಊರಿನ ಕೆಳಗೆಲ್ಲ ಸುಣ್ಣದ ಕಲ್ಲಂತೆ. ನೀರು ಅದನ್ನು ಸಕ್ಕರೆ ಹಾಗೆ ಕರಗಿಸುತ್ತಾ ಒಳಗೊಳಗೇ ಪೊಳ್ಳು ಮಾಡುತ್ತದಂತೆ. ಮೇಲಿನ ಮಣ್ಣು ತಾಳುವಷ್ಟು ದಿನ ತಾಳಿ ಒಮ್ಮೆಗೇ ಕುಸಿಯುತ್ತದಂತೆ. ಇವರ ನೀರು ಸರಬರಾಜು ಕಚೇರಿಯವರು ಊರಿನ ನೆಲವನ್ನು ಉಪಗ್ರಹದಿಂದ ಅಳೆಸುತ್ತಿದ್ದಾರೆ, ಆ ಕೆಲಸ ನಿನ್ನ ಮೇಜಿಗೇ ಬಂದಿದೆ ಅಂತ ಇವರು ಹೇಳಿದಾಗ ನನಗೆ ಅಳುವೇ ಬಂತು.

ಅಕ್ಕಾ, ನಮ್ಮ ಅಡುಗೆಮನೆಯನ್ನು ಒಮ್ಮೆ ಸರಿಯಾಗಿ ನೋಡು. ಗುಂಡನ ಕೆಂಪು ಚೆಂಡನ್ನು ಹೊಸ್ತಿಲಲ್ಲಿ ಬಿಟ್ಟರೆ ಅದು ತಾನಾಗಿ ಉರುಳಿ ಒಲೆಯ ಕಟ್ಟೆಯ ಕೆಳಗೆ ಹೋಗಿ ನಿಲ್ಲುತ್ತದೆ. ನಾನು ಬಸುರಿಯಾಗಿದ್ದಾಗ ಇದೇ ನೆಲದ ಮೇಲೆ ಬಟಾಣಿ ಚೆಲ್ಲಿ ಹೆಕ್ಕಿದ್ದೇನೆ, ಒಂದೂ ಉರುಳಿರಲಿಲ್ಲ. ಮಾವನಿಗೆ ತೋರಿಸಿದೆ. "ನೆಲ ತೊಳೆದ ನೀರು ನಿಲ್ಲಬಾರ್ದು ಅಂತ ನಾನೇ ಇಳಿಜಾರು ಕೊಟ್ಟಿದ್ದು ಕಣಮ್ಮ. ಮೇಸ್ತ್ರಿ ಮನೇಲಿ ಮೇಸ್ತ್ರಿಗೇ ಪಾಠನಾ?" ಅಂದರು. ಸಿಂಕಿನ ಮೇಲೆ ಗೋಡೆ ಬಿರುಕು ಬಿಡುತ್ತದೆ. ನಾನು ಅದರ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಮಾರನೇ ದಿನ ಮಾವ ಅದನ್ನು ಗಾರೆಯಿಂದ ಮೆತ್ತಿ ಸುಣ್ಣ ಬಳಿದಿರುತ್ತಾರೆ. ನನ್ನ ಗುರುತೂ ಹೋಗುತ್ತದೆ.

ಮಲಗಿದರೆ ಕೆಳಗೆ ಯಾರೋ ಗುಟುಕು ಗುಟುಕಾಗಿ ನೀರು ಕುಡಿದ ಹಾಗೆ ಸದ್ದು. ಇವರಿಗೆ ಕೇಳಿಸುವುದಿಲ್ಲ. ನೋಡಿ ಹೇಳು.

ನಿನ್ನ
ಜೀರಿಗೆ

*

ಫೆಬ್ರವರಿ 27

ಜೀರಿಗೆ,

ಹುಟ್ಟಿದಾಗ ಜೀರಿಗೆ ಕಾಳಿನಷ್ಟಿದ್ದವಳು ಈಗ ಒಂದು ಮಗುವಿನ ತಾಯಿ. ಅಕ್ಷರ ಮಾತ್ರ ಹಾಗೇ ಕಾಗೆ ಕಾಲು. ನಾಲ್ಕು ಪುಟ ಓದುವಷ್ಟರಲ್ಲಿ ನನ್ನ ಕನ್ನಡಕದ ನಂಬರು ಏರಿತು.

ಉಪಗ್ರಹ ಅಂದರೆ ಮೇಲಿಂದ ಫೋಟೊ ಹೊಡೆಯುವುದು ಅಂತ ನೀನೂ ಅಂದುಕೊಂಡಿದ್ದೀಯ. ನನ್ನದು ಬೆಳಕಿನ ಕೆಲಸವಲ್ಲ, ರೇಡಾರ್. ಅದು ಒಂದು ಅಲೆ ಬಿಡುತ್ತದೆ. ಅಲೆ ನೆಲಕ್ಕೆ, ಗೋಡೆಗೆ, ಚಾವಣಿಗೆ ಬಡಿದು ವಾಪಸ್ಸು ಹೋಗುತ್ತದೆ. ಕೆಲವು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದು ಮತ್ತೊಂದು ಅಲೆ ಬಿಡುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಮಗೆ ಗೊತ್ತಾಗುತ್ತದೆ. ಚಿಕ್ಕವರಿದ್ದಾಗ ಬೆನ್ನಿಗೆ ಬೆನ್ನು ಹಚ್ಚಿ ನಿಂತು ಯಾರು ಎತ್ತರ ಅಂತ ನೋಡುತ್ತಿದ್ದೆವಲ್ಲ, ಹಾಗೇ. ಒಂದು ಚುಕ್ಕೆಯ ಬೆನ್ನಿಗೆ ಇನ್ನೊಂದನ್ನು ನಿಲ್ಲಿಸಿ ಯಾವುದು ಇಳಿಯಿತು, ಯಾವುದು ಏರಿತು ಅಂತ ನೋಡುವುದು.

ನಿಮ್ಮೂರಿನ ಎರಡು ವರ್ಷದ ಚಿತ್ರ ಹೊಂದಿಸಿ ನೋಡಿದ್ದೇನೆ. ಊರ ತುಂಬ ಮರ, ರೇಡಾರಿಗೆ ಅದು ಬರೀ ಗಲಾಟೆ. ಆದರೆ ನಿನ್ನ ಮಾವ ಮಹಡಿಗೆ ಹೊದಿಸಿರುವ ತಗಡು ಇದೆಯಲ್ಲ, ಕನ್ನಡಿ ಹಾಗೆ ಹೊಳೆಯುತ್ತದೆ. ನಿನ್ನ ಮನೆಯ ಚುಕ್ಕೆ: ಸೊನ್ನೆ. ಎರಡು ವರ್ಷವೂ ಸೊನ್ನೆ, ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಊರಿನ ಉಳಿದ ಚುಕ್ಕೆಗಳೆಲ್ಲ ವರ್ಷಕ್ಕೆ ಕೆಲವು ಮಿಲಿಮೀಟರ್ ಮೇಲೇಳುತ್ತಿವೆ. ಅಂತರ್ಜಲ ತುಂಬಿದರೆ ನೆಲ ಹಾಗೆ ಉಬ್ಬುತ್ತದೆ. ಒಳ್ಳೆಯ ಸುದ್ದಿ ಅದು.

ನಕ್ಷೆಯ ಒಂದು ಪ್ರತಿ ಇಟ್ಟಿದ್ದೇನೆ, ಒಂದೊಂದು ಚುಕ್ಕೆಯ ಏರಿಳಿತದ ಗೆರೆಯೂ ಅದರ ಅಂಚಿನಲ್ಲಿದೆ. ಹಸಿರು ಚುಕ್ಕೆ ನೀನು. ಅದನ್ನು ನೋಡಿಕೊಂಡು ಮಲಗು.

ಅಕ್ಕ

*

ಮಾರ್ಚ್ 6

ಅಕ್ಕಾ,

ನಿನ್ನ ನಕ್ಷೆ ಬಂದ ದಿನ ಮನೆಯಲ್ಲಿ ಮಾವನದೇ ದರ್ಬಾರು. "ಬಂಡೆ ಮೇಲೆ ಕಟ್ಟಿದ್ದೀನಿ ಅಂತ ಬಡ್ಕೊಂಡೆ, ಬಡ್ಕೊಂಡೆ. ಆಕಾಶದಿಂದ ಒಂದು ಯಂತ್ರ ಇಳಿದು ಹೇಳಬೇಕಾಯ್ತು ನಮ್ಮ ಸೊಸೆಗೆ!" ಇವರು ಬಿದ್ದು ಬಿದ್ದು ನಕ್ಕರು. "ನೋಡಿದ್ಯಾ, ಊರೇ ಮೇಲೇಳ್ತಾ ಇದೆ. ಇನ್ನೊಂದಿಷ್ಟು ಸಾವಿರ ವರ್ಷ ತಡ್ಕೋ, ಬೆಟ್ಟದ ತುದೀಲಿ ಮನೆ ನಮ್ದು." ಆಮೇಲೆ ಅಂಟುಪಟ್ಟಿ ತಂದು ನಕ್ಷೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಎಲ್ಲಿ ಗೊತ್ತೇ? ಸಿಂಕಿನ ಮೇಲೆ, ಸರಿಯಾಗಿ ಆ ಬಿರುಕಿನ ಮೇಲೆ. ಪಾತ್ರೆ ತೊಳೆಯುವಾಗ ನನ್ನ ಕಣ್ಣಿಗೆ ಬೀಳಲಿ ಅಂತ.

ನಾನೂ ನಕ್ಕೆ. ನಗದಿದ್ದರೆ ಮತ್ತೆ ಮುಖ ನೋಡುತ್ತಾರೆ.

ಆದರೆ ಒಂದು ಕೇಳುತ್ತೇನೆ, ದಡ್ಡ ಪ್ರಶ್ನೆಯಾದರೆ ಬೈಯಬೇಡ. ಊರಿನ ಎಲ್ಲ ಚುಕ್ಕೆಗಳ ಗೆರೆಯೂ ಸ್ವಲ್ಪ ಸ್ವಲ್ಪ ಅಲುಗುತ್ತದೆ, ಮೇಲೆ ಕೆಳಗೆ ಆಗುತ್ತದೆ. ನಮ್ಮದು ಮಾತ್ರ ಇಷ್ಟು ನೇರ ಹೇಗೆ? ಆಸ್ಪತ್ರೆಯಲ್ಲಿ ಗೆರೆ ಹೀಗೆ ನೇರವಾದರೆ ಡಾಕ್ಟರು ಓಡಿ ಬರುತ್ತಾರಲ್ಲವೇ? ಸೊನ್ನೆ ಅಂದರೆ, ಯಾವುದರ ಬೆನ್ನಿಗೆ ನಿಲ್ಲಿಸಿ ಸೊನ್ನೆ?

ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುವಾಗ ನೀನು ಮೊಣಕಾಲು ಬಗ್ಗಿಸುತ್ತಿದ್ದೆ. ನಾನು ಬೆಳೆದೆ ಅಂತ ಕುಣಿಯಲಿ ಅಂತ. ನನಗೆ ಆಗಲೇ ಗೊತ್ತಿತ್ತು, ಹೇಳಿರಲಿಲ್ಲ.

ಸ್ನಾನದ ಮನೆಯ ಬಾಗಿಲು ಈಗ ಹಾಕಲು ಬರುವುದಿಲ್ಲ. ಕೆಳಗೆ ತಿಕ್ಕುತ್ತದೆ. ಮರ ಉಬ್ಬಿದೆ ಅಂತಾರೆ. ನಲ್ಲಿಯಲ್ಲಿ ಕೆಸರು ಬಣ್ಣದ ನೀರು. ಪೈಪು ಹಳೆಯದು ಅಂತಾರೆ. ಒಂದೊಂದಕ್ಕೂ ಒಂದೊಂದು ಕಾರಣ ಇದೆ ಅಕ್ಕಾ, ಎಲ್ಲದಕ್ಕೂ ಸೇರಿ ಇರುವುದು ಮಾತ್ರ ನನ್ನ ತಲೆ ಕೆಟ್ಟಿದೆ ಅನ್ನುವುದು. ಇವರು ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತಿದ್ದಾರೆ.

ಜೀರಿಗೆ

*

ಮಾರ್ಚ್ 15

ಜೀರಿಗೆ,

ಚಿಕ್ಕದಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಇಲ್ಲಿ ಇನ್ನೂ ಎರಡು ಊರಿನ ಕೆಲಸ ತಲೆಯ ಮೇಲಿದೆ.

ಡಾಕ್ಟರ ಹತ್ತಿರ ಹೋಗು. ನಿನಗೆ ಯಾವತ್ತೂ ಹೇಳಿರಲಿಲ್ಲ: ನಿನ್ನನ್ನು ಹೆತ್ತ ಮೇಲೆ ಅಮ್ಮನೂ ಹೀಗೇ ಆಗಿದ್ದಳು. ತೊಟ್ಟಿಲ ಪಕ್ಕ ಕೂತು ನಿನ್ನ ಮೂಗಿನ ಹತ್ತಿರ ಬೆರಳು ಹಿಡಿದು, ಉಸಿರು ಬರುತ್ತಿದೆಯಾ ಅಂತ ನೋಡುತ್ತಾ ಇರುತ್ತಿದ್ದಳು. ಊಟಕ್ಕೆ ಕರೆದರೆ "ನಾನು ಎದ್ರೆ ನಿಂತ್ಹೋಗುತ್ತೆ" ಅನ್ನುತ್ತಿದ್ದಳು. ಆಗ ಯಾರೂ ಡಾಕ್ಟರಿಗೆ ತೋರಿಸಲಿಲ್ಲ. ಅವಳು ಸುಸ್ತಾಗಿ ಸುಸ್ತಾಗಿ ಹೇಗಾದಳು ಅಂತ ನಾನು ನೋಡಿದ್ದೇನೆ. ನೀನು ಹಾಗಾಗುವುದು ಬೇಡ.

ಮನೆ ಗಟ್ಟಿಯಾಗಿದೆ. ನಿನ್ನ ಮೈ ಗಟ್ಟಿ ಮಾಡಿಕೋ.

ಅಕ್ಕ

*

ಏಪ್ರಿಲ್ 4

ಅಕ್ಕಾ,

ತಡವಾಯಿತು. ಬೇಜಾರು ಮಾಡಿಕೊಳ್ಳಬೇಡ. ನಿದ್ದೆ ಮಾಡುತ್ತಿದ್ದೆ!

ಡಾಕ್ಟರಮ್ಮ ಒಳ್ಳೆಯವರು. ಬಿಳಿ ಮಾತ್ರೆ ಕೊಟ್ಟಿದ್ದಾರೆ. ನುಂಗಿ ಸ್ವಲ್ಪ ಹೊತ್ತಿಗೆ ತಲೆಯಲ್ಲಿ ಯಾರೋ ದೀಪ ಆರಿಸಿದ ಹಾಗೆ ಆಗುತ್ತದೆ. ಗುಂಡನಿಗೆ ಈಗ ಬಾಟಲಿ ಹಾಲು. ಮೊದಲ ದಿನ ನನಗೆ ಅಳು ಬಂತು, ಆಮೇಲೆ ಅಭ್ಯಾಸವಾಯಿತು. ಬೆಳಗಿನ ಜಾವದ ಬಾಟಲಿ ಮಾವನ ಪಾಲು. "ಸೊಸೆ ಮಲಗ್ಲಿ, ಎಬ್ಬಿಸ್ಬೇಡ" ಅಂತ ತಾವೇ ಎದ್ದು ಹಾಲು ಬೆಚ್ಚಗೆ ಮಾಡಿ ಕುಡಿಸುತ್ತಾರೆ. ನನ್ನ ಫೋನೂ ಇವರ ಹತ್ತಿರವೇ ಇರುತ್ತದೆ, ಹೊತ್ತಲ್ಲದ ಹೊತ್ತಲ್ಲಿ ಬಡಿದುಕೊಳ್ಳಬಾರದು ಅಂತ. ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ನೋಡಿಕೊಳ್ಳುತ್ತಿದ್ದಾರೆ.

ಚೆಂಡು ಈಗಲೂ ಉರುಳುತ್ತದೆ. ಉರುಳಲಿ ಬಿಡು, ಚೆಂಡು ಅಂದಮೇಲೆ ಉರುಳಬೇಕಲ್ಲ. ಸದ್ದು ಕೇಳಿಸುವುದಿಲ್ಲ. ಅಥವಾ ಕೇಳುವವಳು ಮಲಗಿರುತ್ತಾಳೆ.

ನಿನಗೆ ನಗು ಬರುವ ಒಂದು ವಿಷಯ. ಇವತ್ತು ಚಹಾ ಕುಡಿಯುತ್ತಾ ಮಾವ ಮನೆ ಕಟ್ಟಿದ ಕಥೆ ತೆಗೆದರು. "ಸುತ್ತ ಎಲ್ಲಾ ಬಂಡೆ ಕಣಮ್ಮ. ಈ ಅಡುಗೆಮನೆ ಜಾಗದಲ್ಲಿ ಮಾತ್ರ ಪಾಯ ತೋಡ್ವಾಗ ಒಂದು ಬಾಯಿ ಸಿಕ್ತು. ಕಲ್ಲು ಎಸೆದ್ರೆ ಬಿದ್ದ ಸದ್ದೇ ಬರ್ಲಿಲ್ಲ. ಲಾರಿ ಮೇಲೆ ಲಾರಿ ಕಲ್ಲು ಸುರಿಸ್ದೆ. ಎಲ್ಲಾ ನುಂಗ್ತು. ಆಗಿನ್ನೂ ಬದುಕಿದ್ದ ನಿಮ್ಮತ್ತೆ, ಈ ಮನೇಲಿ ನನಗಿಂತ ಹೊಟ್ಟೆಬಾಕ ಇನ್ನೊಬ್ಬ ಇದ್ದಾನೆ ಅಂತ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಮೇಲೊಂದು ಕಾಂಕ್ರೀಟ್ ಮುಚ್ಚಳ ಜಡಿದು ಅದರ ಬಾಯಿ ಮುಚ್ಚಿಸ್ದೆ." ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಹಿಂದಾದರೆ ಇದನ್ನು ಕೇಳಿ ನಾನು ಒಂದು ವಾರ ಕಣ್ಣು ಮುಚ್ಚುತ್ತಿರಲಿಲ್ಲ. ಈಗ ಇನ್ನೊಂದು ಲೋಟ ಚಹಾ ಬಗ್ಗಿಸಿ ಕೊಟ್ಟೆ. ನೋಡು, ಎಷ್ಟು ಹುಷಾರಾಗಿದ್ದೇನೆ.

ಜೀರಿಗೆ

*

ಏಪ್ರಿಲ್ 9

ಜೀರಿಗೆ,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಬಂತು. ಊಟದ ಡಬ್ಬಿ ಮುಚ್ಚಿಟ್ಟು ಕೂಡಲೇ ಕಂಪ್ಯೂಟರಿನ ಮುಂದೆ ಕೂತೆ. ಕತ್ತಲಾದ ಮೇಲೆ ನಿನಗೆ ಫೋನು ಮಾಡಿದೆ, ನಿನ್ನ ಗಂಡ ಎತ್ತಿದರು. ನೀನು ಮಲಗಿದ್ದೀಯ, ಎಬ್ಬಿಸುವುದಿಲ್ಲ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಯಾವುದರ ಬೆನ್ನಿಗೆ ಅಂತ ನೀನು ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ನೆಲ ಇಳಿಯಿತೋ ಏರಿತೋ ಅಂತ ಹೇಳಲು ಊರಿನಲ್ಲಿ ಕದಲದ ಒಂದು ಚುಕ್ಕೆಯನ್ನು ಮೊದಲು ಆರಿಸಿಕೊಳ್ಳಬೇಕು. ಅದಕ್ಕೆ ನಾವೇ ಸೊನ್ನೆ ಇಡುತ್ತೇವೆ. ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯುತ್ತೇವೆ. ಕೆಲಸ ಶುರುವಾದಾಗ, ಗಟ್ಟಿ ಬಂಡೆಯ ಮೇಲಿರುವ, ತಗಡಿನ ಚಾವಣಿಯ ಕಟ್ಟಡ ಯಾವುದಿದೆ ಅಂತ ನಿನ್ನ ಗಂಡನನ್ನು ಕೇಳಿದ್ದೆ. "ನಮ್ಮನೇನೇ ಇದ್ಯಲ್ಲ ಅಕ್ಕ, ಅಪ್ಪ ಬಂಡೆ ಮೇಲೆ ಕಟ್ಟಿದ್ದು" ಅಂದರು. ನಿನ್ನ ಮನೆಯನ್ನೇ ಇಟ್ಟೆ. ಅದು ನಾನು ಅಳೆದ ಸೊನ್ನೆ ಅಲ್ಲ, ನಾನೇ ಬರೆದ ಸೊನ್ನೆ. ನೀನು ನಿದ್ದೆ ಮಾಡಲಿ ಅಂತ ಅಷ್ಟನ್ನು ಹೇಳಲಿಲ್ಲ. ಅವರು ಮಾವನ ಮಾತು ನಂಬಿದರು, ನಾನು ಅವರ ಮಾತು ನಂಬಿದೆ, ಕೊನೆಗೆ ಮಾವ ನನ್ನ ನಕ್ಷೆ ನಂಬಿದರು. ನಡುವೆ ನಿನ್ನ ಚೆಂಡನ್ನು ಯಾರೂ ನಂಬಲಿಲ್ಲ.

ಈಗ ಊರಾಚೆಯ ಕಲ್ಲುಗಣಿಯ ಬಂಡೆಗೆ ಸೊನ್ನೆ ಇಟ್ಟು ಮತ್ತೆ ಲೆಕ್ಕ ಹಾಕಿದೆ. ಊರು ಮೇಲೇಳುತ್ತಿಲ್ಲ ಜೀರಿಗೆ, ಊರು ಇದ್ದಲ್ಲೇ ಇದೆ. ನಿನ್ನ ಮನೆ ಮೊಣಕಾಲು ಬಗ್ಗಿಸುತ್ತಿದೆ. ಈಚಿನ ಚಿತ್ರಗಳಲ್ಲಿ ಬೇಗ ಬೇಗ.

ಇದನ್ನೆಲ್ಲ ನಿನ್ನ ಗಂಡನಿಗೆ ಹೇಳಿದೆ. ಎರಡು ಸಲ ಹೇಳಿಸಿ ಕೇಳಿಕೊಂಡರು. ಆಮೇಲೆ "ಈಗಷ್ಟೇ ಸರಿಹೋಗಿದ್ದಾಳೆ, ಅವಳಿಗೆ ಹೇಳ್ಬೇಡಿ. ಅಪ್ಪನಿಗಂತೂ ಬಾಯಿಮಾತಲ್ಲಿ ಹೇಳಿದ್ರೆ ಅವರು ನಂಬಲ್ಲ. ಕಚೇರಿಯಿಂದ ಕಾಗದ ಬರ್ಲಿ, ಭಾನುವಾರದೊಳಗೆ ಮನೆ ಬಿಡಿಸ್ತೀನಿ" ಅಂದರು. ತಿದ್ದಿದ ನಕ್ಷೆಗೆ ಇಲ್ಲಿ ಮೇಲಿನವರ ಸಹಿ ಆಗಬೇಕು. ನಾಳೆ ಅವರ ಬಾಗಿಲಲ್ಲೇ ಕೂರುತ್ತೇನೆ. ನಿನ್ನ ಗಂಡನಿಗೆ ಸರಿ ಅಂದೆ. ಫೋನು ಇಟ್ಟ ಮೇಲೆ ಸರಿಯಲ್ಲ ಅನ್ನಿಸಿತು. ಮತ್ತೆ ಮಾಡಿದೆ, ಎತ್ತಲಿಲ್ಲ.

ಈ ಕಾಗದ ಕೈಗೆ ಸಿಕ್ಕ ಕೂಡಲೇ ಮಗುವನ್ನೂ ಮಾವನನ್ನೂ ಕರೆದುಕೊಂಡು ಹೊರಗೆ ಬಾ. ಏನೂ ಎತ್ತಿಕೊಳ್ಳಬೇಡ.

ಅಕ್ಕ

*

ಏಪ್ರಿಲ್ 10

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಸುಮ್ಮನೆ, ಖುಷಿಗೆ.

ಇವರಿಗೆ ನಿನ್ನೆಯಿಂದ ಏನೋ ಆಗಿದೆ. ಇವತ್ತು ಕಚೇರಿಯಿಂದ ಬೇಗ ಬಂದು ನಮ್ಮ ಮಂಚವನ್ನು ಮುಂದಿನ ಕೋಣೆಗೆ ತಾವೇ ಎಳೆದರು. ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಮಾವ "ಏನೋ ಇದು, ಹೊಸ ಮದುಮಗನ ಹಾಗೆ" ಅಂತ ರೇಗಿಸಿದರು. ಇವರು ನಗಲಿಲ್ಲ. ನಾಲ್ಕು ದಿನ ಬೇರೆ ಮನೆ ಬಾಡಿಗೆಗೆ ನೋಡೋಣವಾ, ಇಲ್ಲಿ ಬಣ್ಣ ಹೊಡೆಸಬೇಕು ಅಂದರು. ಗುಂಡನಿಗೆ ಹತ್ತಿರದಲ್ಲೇ ವರ್ಷ ತುಂಬುತ್ತದಲ್ಲ, ನನಗೆ ಗೊತ್ತಾಗದ ಹಾಗೆ ಏನೋ ಏರ್ಪಾಡು ನಡೆಸುತ್ತಿದ್ದಾರೆ. ಗೊತ್ತಾಗದವಳ ಹಾಗೆ ಇದ್ದೇನೆ. ಪಾಪ, ಗೋಡೆ ನೋಡುತ್ತಾ ನಿಂತುಬಿಡುತ್ತಾರೆ, ಯಾವ ಬಣ್ಣ ಅಂತ ಯೋಚಿಸುತ್ತಾ.

ಜೀರಿಗೆ

*

ಏಪ್ರಿಲ್ 26

ಅಕ್ಕಾ,

ಇದು ಬಾಡಿಗೆ ಕೋಣೆ. ಮೇಲಿನ ಮಹಡಿ. ನಾನೇ ಮೇಲಿನದು ಕೇಳಿದೆ. ಕೆಳಗಿನದಾದರೂ ಒಂದೇ ಅಂತ ಗೊತ್ತಿದೆ.

ಫೋನಿನಲ್ಲಿ ನೀನು ಅಳುತ್ತಿದ್ದೆ, ನಾನು ಇಟ್ಟುಬಿಟ್ಟೆ. ಈಗ ಹೇಳುತ್ತೇನೆ, ಒಂದೇ ಸಲ. ಹನ್ನೊಂದನೇ ತಾರೀಕು ಬೆಳಗಿನ ಜಾವ ಗುಂಡ ಅತ್ತನಂತೆ. ನಾನು ಏಳಲಿಲ್ಲ. ಮಾತ್ರೆ. ಮಾವ ಬಂದು "ಬಂದೆ ಕಣೋ, ನಿಮ್ಮಜ್ಜ ಬಂದ" ಅಂತ ಅವನ ತಲೆ ಸವರಿ ಅಡುಗೆಮನೆಗೆ ಹೋದರಂತೆ. ಇವರು ಎಚ್ಚರವಾಗಿದ್ದರು, ಎಲ್ಲ ಕೇಳಿಸಿಕೊಂಡರು. ಒಲೆ ಹೊತ್ತಿಸಿದ ಸದ್ದೂ ಕೇಳಿಸಿತಂತೆ. ಆಮೇಲೆ ಲಾರಿಯಿಂದ ಕಲ್ಲು ಸುರಿದ ಹಾಗೆ ಸದ್ದು. ಇವರು ನನ್ನನ್ನೂ ಮಗುವನ್ನೂ ಒಟ್ಟಿಗೆ ಎಳೆದುಕೊಂಡು ಬೀದಿಗೆ ಬಂದರು. ನನಗೆ ಎಚ್ಚರವಾದದ್ದು ಬೀದಿಯಲ್ಲಿ, ಬರಿಗಾಲಿಗೆ ಜಲ್ಲಿ ಚುಚ್ಚಿದಾಗ. ನಡುಮನೆಯಿಂದ ಹಿಂದಕ್ಕೆ ಮನೆ ಇರಲಿಲ್ಲ. ಬೆಳಕು ಹರಿಯುವಾಗ ಉಳಿದದ್ದೂ ಒಳಗೆ ಹೋಯಿತು. ಮಾವ ಸಿಗಲಿಲ್ಲ. ಹಗ್ಗ ಇಳಿಸಿದವರು ಕೆಳಗೆ ನೀರು ಹರಿಯುತ್ತಿದೆ ಅಂದರು. ಆ ಗುಟುಕು ಸದ್ದು ಅದೇ.

ನೀನು ಒಂಬತ್ತನೇ ತಾರೀಕು ಬರೆದ ಕಾಗದವನ್ನು ಅಂಚೆಯವನು ಬೀದಿಯಲ್ಲಿ ನಮ್ಮನ್ನು ಹುಡುಕಿ ತಂದು ಕೊಟ್ಟ. ಅಷ್ಟರಲ್ಲಿ ಇವರೇ ಎಲ್ಲ ಹೇಳಿದ್ದರು. ಹೇಳಿ, ಬೈಯಲಿ ಅಂತ ಕಾದು ಕೂತಿದ್ದರು. ಮಂಚ ಮುಂದಕ್ಕೆ ಎಳೆದವರೂ ಅವರೇ, ಅಪ್ಪನಿಗೆ ಒಂದು ಮಾತು ಹೇಳದವರೂ ಅವರೇ. ಯಾವುದಕ್ಕೆ ಅಂತ ಬೈಯಲಿ? "ಅವರ ಮನೆ ಪೊಳ್ಳು ಅಂತ ಅವರಿಗೆ ಹೇಗೆ ಹೇಳ್ಲಿ ಅಂತ ಎರಡು ದಿನ ಮಾತು ಹುಡುಕ್ತಾ ಇದ್ದೆ ಕಣೇ" ಅಂದರು.

ಆ ಹೊಸ ನಕ್ಷೆ ಕಳಿಸು.

ಜೀರಿಗೆ

*

ಮೇ 4

ಜೀರಿಗೆ,

ನಕ್ಷೆ ಇದರ ಜೊತೆ ಇದೆ. ಸಹಿಯಾದದ್ದು ಏಪ್ರಿಲ್ ಹದಿನಾಲ್ಕನೇ ತಾರೀಕು. ನಿಮ್ಮ ಸಾಲಿನ ಉಳಿದ ಮನೆಗಳನ್ನು ಇದನ್ನು ನೋಡಿಯೇ ಖಾಲಿ ಮಾಡಿಸಿದರು ಅಂತ ಕಚೇರಿಯಲ್ಲಿ ನನ್ನ ಬೆನ್ನು ತಟ್ಟಿದರು. ನಾನು ಎದ್ದು ಹೊರಗೆ ಹೋದೆ.

ನೋಡಲೇಬೇಕೆಂದಿಲ್ಲ. ಬೇಡವಾದರೆ ಹರಿದು ಹಾಕು. ನನಗೆ ಒಂದು ಸಾಲಾದರೂ ಬರೆ, ಬೈದಾದರೂ ಸರಿ.

ಅಕ್ಕ

*

ಮೇ 13

ಅಕ್ಕಾ,

ನೋಡಿದೆ. ನಮ್ಮ ಚುಕ್ಕೆ ಈಗ ಕೆಂಪು. ಗೆರೆ ಇಳಿಯಲು ಶುರುವಾದದ್ದು ಗುಂಡ ಹುಟ್ಟಿದ ಮೇಲಲ್ಲ, ಅದಕ್ಕೂ ಮುಂಚೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಸ್ವಲ್ಪ ದಿನಕ್ಕೇ. ನಾನು ಹೆದರಲು ಶುರುಮಾಡಿದ ತಿಂಗಳಲ್ಲಿ ಗೆರೆ ಸರಿಯಾಗಿ ಕೆಳಕ್ಕೆ ಬಾಗಿದೆ. ನಾನು ಮಾತ್ರೆ ನುಂಗಿ ಮಲಗಿದ ತಿಂಗಳಲ್ಲಿ ನೆಟ್ಟಗೆ ಕೆಳಗೆ. ನನ್ನ ತಲೆ ಕೆಟ್ಟಿರಲಿಲ್ಲ ಅಂತ ಹೇಳುವ ಕಾಗದ ಒಂದು ಕೊನೆಗೂ ಬಂತು. ಅಂಟಿಸಲು ಆ ಗೋಡೆ ಇಲ್ಲ.

ನಿನ್ನನ್ನು ಬೈಯಲು ಮನಸ್ಸಿಲ್ಲ ಅಕ್ಕಾ. ನನ್ನನ್ನು ಖುಷಿಪಡಿಸಲು ಮೊಣಕಾಲು ಬಗ್ಗಿಸಿದವಳು ನೀನು, ಗೊತ್ತಿದ್ದೂ ಬೆಳೆದೆ ಅಂತ ಕುಣಿದವಳು ನಾನು. ಆದರೆ ಇನ್ನು ಮುಂದೆ ನನಗೆ ಸಮಾಧಾನ ಹೇಳಬೇಡ. ಇದ್ದದ್ದನ್ನು ಹೇಳು.

ಮಾತ್ರೆ ಬಿಟ್ಟಿದ್ದೇನೆ. ನಿದ್ದೆ ಇಲ್ಲ. ಈಗ ಯಾರೂ ಅದನ್ನು ಕಾಯಿಲೆ ಅನ್ನುತ್ತಿಲ್ಲ. ಗುಂಡ ನಿಲ್ಲಲು ಕಲಿತಿದ್ದಾನೆ. ಹಾಲು ಕಾಯಿಸುವ ಸದ್ದಾದರೆ ಬಾಗಿಲ ಕಡೆ ನೋಡುತ್ತಾನೆ, ಅಜ್ಜ ಬರುತ್ತಾರೆ ಅಂತ.

ಚೆಂಡು ಹೇಗೆ ಉಳಿಯಿತೋ, ಮಗುವನ್ನು ಸುತ್ತಿಕೊಂಡು ಬಂದ ಹೊದಿಕೆಯಲ್ಲಿ ಸಿಕ್ಕಿತ್ತು. ದಿನಾ ಬೆಳಗ್ಗೆ ಕಚೇರಿಗೆ ಹೊರಡುವ ಮುಂಚೆ, ನಾನು ಮಲಗಿದ್ದೇನೆ ಅಂದುಕೊಂಡು, ಇವರು ಮೊಣಕಾಲೂರಿ ಆ ಚೆಂಡನ್ನು ಕೋಣೆಯ ನಾಲ್ಕು ಮೂಲೆಯಲ್ಲೂ ಒಂದೊಂದು ಸಲ ಇಟ್ಟು ಕೈ ಬಿಡುತ್ತಾರೆ. ಉಸಿರು ಹಿಡಿದು ನೋಡುತ್ತಾರೆ. ಆಮೇಲೆ ಅದನ್ನು ಮಗುವಿನ ಪಕ್ಕ ಇಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದ ಹಾಗೆ ಮೆಟ್ಟಿಲಿಳಿಯುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ. ಚೆಂಡು ನಿಂತಿತಾ ಅಂತ ನಾನು ಕೇಳಿಲ್ಲ. ಅವರೂ ಹೇಳಿಲ್ಲ.

ಜೀರಿಗೆ